ಬೇಲಿ ಸಾಲಿನ ಮಾವಿನೆಲೆ

ತೋಟಗಾರಿಕೆ ಇಲಾಖೆಗೆ ಹೊಸದಾಗಿ ಸೇರುವವರು ಮೊದಲು ತಿಳಿದಿರಬೇಕಾದ ಸಂಗತಿ ಇದು: ನಿಮ್ಮ ಹತ್ತಿರ ಯಾರೂ ಹಣ್ಣು ತರುವುದಿಲ್ಲ. ಎಲೆ ತರುತ್ತಾರೆ. ಹಣ್ಣು ಕೈಗೆ ಬಂದವನು ಶ್ರೀನಿವಾಸಪುರದ ಮಂಡಿಗೆ ಹೋಗುತ್ತಾನೆ. ಬರೀ ಎಲೆ ಇರುವವನು ಇಲಾಖೆಗೆ ಬರುತ್ತಾನೆ. ಟವೆಲ್ಲಿನ ತುದಿಗೆ ಗಂಟು ಹಾಕಿಯೋ, ಟಿಫನ್ ಡಬ್ಬಿಯಲ್ಲಿ ಮುದ್ದೆಯ ಪಕ್ಕ ಮಲಗಿಸಿಯೋ, ಜೇಬಿನಲ್ಲಿ ಬೀಡಿ ಕಟ್ಟಿನ ಜೊತೆ ಮಡಿಚಿಯೋ ತಂದ ಆ ಎಲೆಯನ್ನು ನಿಮ್ಮ ಮೇಜಿನ ಮೇಲೆ ಹರವಿ, "ಸಾರ್, ಇದು ಯಾವ ಮಾವು?" ಎಂದು ಕೇಳುತ್ತಾನೆ. ಗಿಡ ಮೊಣಕಾಲೆತ್ತರ ಇರುತ್ತದೆ. ತಾನು ಬಾದಾಮಿಯೋ, ತೋತಾಪುರಿಯೋ, ರಸಪುರಿಯೋ ಎಂಬುದು ಆ ಗಿಡಕ್ಕೇ ಇನ್ನೂ ಖಚಿತವಿಲ್ಲ. ಆದರೆ ನೀವು ಹೇಳಬೇಕು. ಸಂಬಳ ಅದಕ್ಕೇ.

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ನನ್ನ ಕೂದಲನ್ನು ಸಮನಾಗಿ ಹಂಚಿ ಬಂದಿದ್ದೇನೆ. ಬಡ್ತಿಯ ವಿಷಯ ಇಲ್ಲಿ ಬರೆಯುವುದಿಲ್ಲ. ಅದು ನನಗಿಂತ ಪಕ್ಕದ ಮೇಜಿನವರಿಗೇ ಹೆಚ್ಚು ಪರಿಚಯ. ಬಿರುದು ಮಾತ್ರ ಒಂದು ಸಿಕ್ಕಿತು. ಗೌನಿಪಲ್ಲಿ ಕಡೆಯವರು ನನ್ನನ್ನು 'ಆಕುಲ ಸಾರು' ಎಂದು ಕರೆದರು. ತೆಲುಗಿನಲ್ಲಿ ಆಕು ಎಂದರೆ ಎಲೆ. ಎಲೆ ನೋಡುವ ಸಾಹೇಬ ಎಂಬ ಗೌರವ. ಲಕ್ಕೂರಿನ ನನ್ನ ಅತ್ತೆಯವರು ಮಾತ್ರ ಅದು ಯಾವುದೋ ಅಡುಗೆ ಎಂದೇ ಕೊನೆಯವರೆಗೂ ನಂಬಿದ್ದರು.

ಈ ವಿದ್ಯೆಯ ದೀಕ್ಷೆ ನನಗೆ ಸಿಕ್ಕಿದ್ದು ಮುಳಬಾಗಿಲಿನಲ್ಲಿ, ನನ್ನ ಮೊದಲ ಮೇಲಧಿಕಾರಿಯಿಂದ. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ. ತೋಟದೊಳಗೆ ಬಿಳಿ ಪ್ಯಾಂಟಿಗೆ ಮಣ್ಣು ತಾಗದಂತೆ ನಡೆಯುವ ಕಲೆಯಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಾಣೆ. ಸೇರಿದ ಹೊಸತರಲ್ಲಿ ಯಾರೋ ತಂದ ಎಲೆ ಹಿಡಿದು, "ಇದು ಬಾದಾಮಿ!" ಎಂದು ನಾನು ಹುರುಪಿನಿಂದ ಘೋಷಿಸಿಬಿಟ್ಟೆ. ರೈತ ಹೋದ ಮೇಲೆ ಸಾಹೇಬರು ನನ್ನನ್ನು ಎದುರಿಗೆ ಕೂರಿಸಿಕೊಂಡರು.

"ಏನಯ್ಯಾ, ಮಾವಿನ ಗಿಡ ಸರಿಯಾಗಿ ಕಾಯಿ ಬಿಡೋಕೆ ಎಷ್ಟು ವರ್ಷ ಬೇಕು?"

"ನಾಲ್ಕೈದು ವರ್ಷ ಸಾರ್."

"ನಿನಗೆ ವರ್ಗ ಆಗೋಕೆ?"

"ಮೂರು ವರ್ಷ ಸಾರ್."

"ಮತ್ತೆ ಅಷ್ಟೊಂದು ಅವಸರ ಯಾಕೆ? 'ಗಿಡ ಚೆನ್ನಾಗಿದೆ, ಕಾಯಿ ಬಿಡಲಿ ನೋಡೋಣ' ಅನ್ನು. ಕಾಯಿ ಬಿಡೋ ಹೊತ್ತಿಗೆ ನೀನು ಮಾಲೂರಲ್ಲಿ ಕೂತು ಬೇರೆಯವನ ಎಲೆ ನೋಡ್ತಿರ್ತೀಯ."

ಇದಕ್ಕಿಂತ ಗಟ್ಟಿಯಾದ ಸಸ್ಯಶಾಸ್ತ್ರವನ್ನು ನಾನು ಯಾವ ಪುಸ್ತಕದಲ್ಲೂ ಓದಲಿಲ್ಲ.

ಹಾಗೆಂದು ಸಾಹೇಬರಿಗೆ ವಿದ್ಯೆಯ ಮೇಲೆ ಪ್ರೀತಿ ಇರಲಿಲ್ಲ ಎನ್ನುವಂತಿಲ್ಲ. ಮಾವಿನ ಒಂದೊಂದು ತಳಿಯ ಎಲೆಯನ್ನೂ ಹಲಗೆಯ ಮೇಲೆ ಅಂಟಿಸಿ, ಕೆಳಗೆ ಹೆಸರು ಬರೆಸಿ, ಮೇಲೆ ವಾರ್ನಿಷ್ ಹೊಡೆಸಿ ಕಚೇರಿಯ ಗೋಡೆಗೆ ತೂಗುಹಾಕಿಸಿದರು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಎಲ್ಲ ಎಲೆಗಳೂ ಸುಟ್ಟ ಹಪ್ಪಳದ ಬಣ್ಣಕ್ಕೆ ತಿರುಗಿ, ಒಂದೇ ತರ ಮುರುಟಿಕೊಂಡವು. ತಪಾಸಣೆಗೆ ಬೆಂಗಳೂರಿನಿಂದ ಬಂದ ದೊಡ್ಡ ಅಧಿಕಾರಿ ಆ ಹಲಗೆಯ ಮುಂದೆ ಬಹಳ ಹೊತ್ತು ಕೈಕಟ್ಟಿ ನಿಂತರು.

"ಇವೆಲ್ಲ ಒಂದೇ ತರ ಕಾಣ್ತವಲ್ಲರೀ?"

"ಅದೇ ಸಾರ್ ಈ ಕೆಲಸದ ಕಷ್ಟ" ಎಂದರು ಸಾಹೇಬರು, ಕಣ್ಣು ಮಿಟುಕಿಸದೆ.

ಅದೇ ತಪಾಸಣೆಯ ದಿನ ನಡೆದ ಇನ್ನೊಂದು ಘಟನೆಯನ್ನೂ ಹೇಳಬೇಕು, ಏಕೆಂದರೆ ಮುಂದೆ ಬರುವ ಕಥೆಯಲ್ಲಿ ಓಕ್ ಮರಕ್ಕೆ ಒಂದು ಪಾತ್ರವಿದೆ. ದೇವರಾಯಸಮುದ್ರದ ಕೆರೆಯ ಕೆಳಗೆ ನಾವು ಸಿಲ್ವರ್ ಓಕ್ ಸಸಿಗಳ ಮಡಿ ಮಾಡಿದ್ದೆವು. ಹೆಸರಿನಲ್ಲಿ ಓಕ್ ಇದ್ದರೂ ಅದು ನಿಜವಾದ ಓಕ್ ಅಲ್ಲ. ಹೆಸರು ಕೊಟ್ಟವರನ್ನು ಕೇಳಬೇಕು. ಎಳೆಯ ಸಸಿಯ ಎಲೆ ಕತ್ತರಿಸಿದ ಹಾಗೆ ಸೀಳುಸೀಳಾಗಿದ್ದು, ದೂರದಿಂದ ನೋಡಿದರೆ ಪಾರ್ಥೇನಿಯಂ ಕಳೆಯ ಹಾಗೇ ಕಾಣುತ್ತದೆ. ಸಾಹೇಬರು ಯಾವಾಗಲೂ ದೂರದಿಂದಲೇ ನೋಡುತ್ತಿದ್ದರು. ನಾನು ಅತಿಥಿಗಳಿಗೆ ಬಿಸ್ಕತ್ತು ತರಲು ಊರೊಳಗೆ ಹೋಗಿದ್ದಾಗ ಅವರು ಬದುವಿನ ಮೇಲೆ ನಿಂತು, "ಆ ಕಳೆ ಎಲ್ಲ ಕಿತ್ತುಹಾಕ್ರಮ್ಮ, ದೊಡ್ಡ ಸಾಹೇಬ್ರು ಬರೋ ಹೊತ್ತಾಯ್ತು" ಎಂದು ಅಪ್ಪಣೆ ಮಾಡಿದರು. ಕೂಲಿ ಹೆಂಗಸರು ಅವರ ಬೆರಳು ತೋರಿಸಿದ್ದನ್ನು ಕಿತ್ತರು. ನಾನು ಬಿಸ್ಕತ್ತು ಹಿಡಿದು ಬಂದಾಗ ಮಡಿಯಲ್ಲಿ ಸಿಲ್ವರ್ ಓಕ್ ಒಂದೂ ಇರಲಿಲ್ಲ. ಪಾರ್ಥೇನಿಯಂ ಮಾತ್ರ ಹೊಸದಾಗಿ ನೀರು ಕುಡಿದು ಹಸನಾಗಿ ನಿಂತಿತ್ತು. ದೊಡ್ಡ ಅಧಿಕಾರಿ ಅದರ ಮುಂದೆ ನಿಂತು, "ಓಕ್ ಚೆನ್ನಾಗಿ ಎದ್ದಿದೆ" ಎಂದು ಮೆಚ್ಚಿ ಬಿಸ್ಕತ್ತು ತಿಂದರು. ನಾನು ಬಾಯಿ ತೆರೆದೆ. ಸಾಹೇಬರು ನನ್ನ ಕಾಲು ತುಳಿದರು. ಅವತ್ತು ಅವರ ಬೂಟಿಗೆ ಮಣ್ಣಾಗಿದ್ದು ಅಷ್ಟೇ.

ಆಮೇಲೆ ಕಾಲ ಬದಲಾಯಿತು. ಟವೆಲ್ಲಿನ ಗಂಟಿನಲ್ಲಿ ಬರುತ್ತಿದ್ದ ಎಲೆಗಳು ವಾಟ್ಸಾಪಿನಲ್ಲಿ ಬರತೊಡಗಿದವು. ಕಳಿಸಿದವನ ಹೆಬ್ಬೆರಳು ಸ್ಪಷ್ಟವಾಗಿ ಕಾಣುತ್ತಿತ್ತು, ಹಿಂದೆ ಮಸುಕಾಗಿ ಹಸಿರು ಏನೋ. ಕೆಳಗೆ ಒಂದೇ ಪ್ರಶ್ನೆ: 'ಯಾವ್ದು ಸಾರ್?' ಹೆಬ್ಬೆರಳಿನ ತಳಿಯಾದರೆ ಹೇಳಬಹುದಿತ್ತು. ನನ್ನ ಸೇವೆಯ ಕೊನೆಗಾಲದಲ್ಲಿ ಶ್ರೀನಿವಾಸಪುರಕ್ಕೆ ಹೊಸದಾಗಿ ಬಂದ ಅಧಿಕಾರಿ ಶ್ವೇತಾ ಮೇಡಂ ಅವರ ಫೋನಿನಲ್ಲಿ ಎಲೆಯ ಚಿತ್ರ ತೋರಿಸಿದರೆ ಗಿಡದ ಹೆಸರು ಹೇಳುವ ಆಪ್ ಕೂಡ ಇತ್ತು. ನನ್ನ ಮಗಳ ವಯಸ್ಸಿನವರು, ಚುರುಕು, ಮಂಡಿಯೂರಿ ಮಣ್ಣಿನಲ್ಲಿ ಕೂರಲು ಹೇಸದವರು. ಆಪ್ ಬಗ್ಗೆ ನಾನು ಆಡಿದ ಕೊಂಕನ್ನೆಲ್ಲ ನಗುತ್ತ ಕೇಳಿ, ತಮ್ಮ ಪಾಡಿಗೆ ಅದನ್ನೇ ಬಳಸುತ್ತಿದ್ದರು.

ನಾನು ನಿವೃತ್ತನಾಗುವ ವರ್ಷ ಮುಂಗಾರಿಗೆ ಮುಂಚೆ, ಗೌನಿಪಲ್ಲಿ ಕಡೆಯ ಯಶೋದಮ್ಮ ಎಂಬಾಕೆ ತಮ್ಮ ಮೈದುನ ಆಂಜಿನಪ್ಪನ ಜೊತೆ ಕಚೇರಿಗೆ ಬಂದರು. ಯಶೋದಮ್ಮನ ಗಂಡ ಬಸ್ ಡ್ರೈವರು, ತೋಟ ನೋಡುವವರು ಈಕೆಯೇ. ನಾಲ್ಕು ವರ್ಷದ ಹಿಂದೆ ನಮ್ಮ ಸಸ್ಯಕ್ಷೇತ್ರದಿಂದಲೇ ಬಾದಾಮಿ ಕಸಿ ಗಿಡ ಒಯ್ದು ನೆಟ್ಟಿದ್ದರು. ಬೋರ್‌ವೆಲ್ ಕೈಕೊಟ್ಟ ಬೇಸಿಗೆಯಲ್ಲಿ ಬಿಂದಿಗೆಯಲ್ಲಿ ನೀರು ಹೊತ್ತು ಒಂದೊಂದು ಗಿಡವನ್ನೂ ಬದುಕಿಸಿದ್ದರು.

ಆಂಜಿನಪ್ಪ ಟವೆಲ್ ಬಿಚ್ಚಿ ಮೇಜಿನ ಮೇಲೆ ಒಂದು ಹಿಡಿ ಎಲೆ ಸುರಿದ.

"ನೋಡಿ ಸಾರ್, ಇದು ಬಾದಾಮಿ ಎಲೆನಾ? ಮಂಡಿಯವ್ರು ನೋಡಿ ನಕ್ರು. 'ಇದೆಲ್ಲ ಫ್ಯಾಕ್ಟರಿ ಮಾವು ಕಣಯ್ಯಾ' ಅಂದ್ರು. ಇವ್ರಿಗೆ ಯಾರೋ ಟೋಪಿ ಹಾಕವ್ರೆ. ಸೋಮವಾರ ಜೆಸಿಬಿ ಹೇಳಿದೀನಿ, ಕಿತ್ತು ಟೊಮ್ಯಾಟೊ ಹಾಕೋಣ ಅಂತ."

ಫ್ಯಾಕ್ಟರಿ ಮಾವು ಎಂದರೆ ತೋತಾಪುರಿ. ಲಾರಿಗಟ್ಟಲೆ ಜ್ಯೂಸ್ ಫ್ಯಾಕ್ಟರಿಗೆ ಹೋಗುವ ಕಾಯಿ. ಬಾದಾಮಿ ಎಂದು ಸಾಕಿದವರಿಗೆ ಅದು ಬಂದರೆ, ಮಗಳ ಮದುವೆಗೆಂದು ಹೊಲಿಸಿದ ರವಿಕೆ ಪಕ್ಕದ ಮನೆಯವಳಿಗೆ ಸರಿಹೋದ ಹಾಗೆ.

ಯಶೋದಮ್ಮ ಅವನತ್ತ ನೋಡಲಿಲ್ಲ. ನನ್ನನ್ನೇ ನೋಡಿ ತೆಲುಗಿನಲ್ಲಿ ಕೇಳಿದರು: "ಸಾರು, ಇದಿ ಬಾದಾಮೇನಾ, ಕಾದಾ?" ಹೌದೋ ಅಲ್ಲವೋ, ಅಷ್ಟೇ. ಆಮೇಲೆ ಕನ್ನಡಕ್ಕೆ ತಿರುಗಿದರು. "ಒಂದ್ಸಲ ಕಾಯಿ ಬಿಟ್ಟಿದ್ರೆ ಗೊತ್ತಾಗ್ತಿತ್ತು. ನೀವೇ ತಾನೆ ಹೂವೆಲ್ಲ ಚಿವುಟಿಹಾಕಿ ಅಂದಿದ್ದು?"

ಹೌದು, ನಾನೇ. ಗಿಡ ಎಳೆಯದಿರುವಾಗ ಕಾಯಿ ಹೊರಿಸಬಾರದು, ಮೊದಲ ವರ್ಷಗಳ ಹೂವನ್ನು ಚಿವುಟಬೇಕು ಎಂಬುದು ಇಲಾಖೆಯ ಉಪದೇಶ. ಉಪದೇಶ ಸರಿಯಾದದ್ದೇ. ಆದರೆ ನಮ್ಮ ಉಪದೇಶವನ್ನು ಯಾರಾದರೂ ಅಕ್ಷರಶಃ ಪಾಲಿಸಿದರೆ ಏನು ಮಾಡಬೇಕೆಂದು ನಮಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ.

ನಾನು ಎಲೆ ಹಿಡಿದು ನೋಡಿದೆ. ಬಾದಾಮಿ ಎಲೆ ಎಂದು ಪ್ರಮಾಣ ಮಾಡುವಂತಿರಲಿಲ್ಲ. ಅಗಲ ಬೇರೆ, ತುದಿ ಬೇರೆ, ಹಿಸುಕಿ ಮೂಸಿದರೆ ವಾಸನೆಯೂ ಒಪ್ಪಲಿಲ್ಲ. ಸಾಹೇಬರ ಸಸ್ಯಶಾಸ್ತ್ರ ನೆನಪಾಯಿತು: ಗಿಡ ಚೆನ್ನಾಗಿದೆ, ಕಾಯಿ ಬಿಡಲಿ ನೋಡೋಣ. ಆದರೆ ಸೋಮವಾರದ ಜೆಸಿಬಿ ಕಾಯಿ ಬಿಡುವವರೆಗೆ ಕಾಯುವ ಜಾತಿಯದಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ, ನಿವೃತ್ತಿಯಾಗುವವನಿಗೆ ವರ್ಗಾವಣೆ ಇಲ್ಲ. ಶ್ರೀನಿವಾಸಪುರದಲ್ಲೇ ಮನೆ ಕಟ್ಟಿಸಿಕೊಂಡಿದ್ದೆ. ನಾನು ಹೇಳಿದ ತಳಿ ಕಾಯಿ ಬಿಟ್ಟು ನನ್ನ ಬಾಗಿಲಿಗೇ ಬರುವ ಮೊದಲ ಸಂದರ್ಭ ಇದು.

"ಎಲೆ ಕಿತ್ತು ತಂದರೆ ಆಗಲ್ಲ, ಗಿಡ ನೋಡಬೇಕು" ಎಂದೆ. "ಸೋಮವಾರ ನಾವೇ ಬರ್ತೀವಿ. ಅಲ್ಲೀವರೆಗೆ ಜೆಸಿಬಿ ಒಳಗೆ ಬಿಡಬೇಡಿ."

ಹೊಸಬರಿಗಾಗಿ ಇಲ್ಲಿ ಎಲೆ ನೋಡುವ ಕ್ರಮವನ್ನು ಹೇಳಿಬಿಡುತ್ತೇನೆ. ಕೆಂಪು ಚಿಗುರನ್ನು ಮುಟ್ಟಬೇಡಿ. ಕೂಸಿನ ಮುಖ ನೋಡಿ ಇದು ಯಾರ ಮನೆಯದು ಎಂದು ಹೇಳುವುದು ನೆಂಟರ ಕೆಲಸ. ಬುಡದ ಮುದಿ ಎಲೆಯೂ ಬೇಡ. ಬಿಸಿಲು, ಧೂಳು, ಹುಳು ಸೇರಿ ಅದರ ಗುರುತನ್ನು ಅಳಿಸಿರುತ್ತವೆ. ರೆಂಬೆಯ ನಡುವಿನ ಬಲಿತ ಎಲೆ ತೆಗೆದುಕೊಳ್ಳಿ. ಅಂಚು ಚಪ್ಪಟೆಯೋ ಅಲೆಅಲೆಯೋ, ತುದಿ ಮೊನಚೋ ಮೊಂಡೋ, ತೊಟ್ಟು ಗಿಡ್ಡವೋ ಉದ್ದವೋ ನೋಡಿ. ಹಿಸುಕಿ ಮೂಸಿ. ಇಷ್ಟಾದ ಮೇಲೂ ಬಾಯಿ ಬಿಡಬೇಡಿ. ತಳಿ ಖಚಿತವಾಗಿ ಗೊತ್ತಿರುವ ಮರದಿಂದ ಅದೇ ಹದದ ಎಲೆಯನ್ನು ತಂದು ಪಕ್ಕದಲ್ಲಿಡಿ. ಮನುಷ್ಯನ ನೆನಪಿಗಿಂತ ಪಕ್ಕದಲ್ಲಿಟ್ಟ ಎಲೆ ಹೆಚ್ಚು ಪ್ರಾಮಾಣಿಕ.

ಸೋಮವಾರ ನಮ್ಮ ಸಸ್ಯಕ್ಷೇತ್ರದ ಬಾದಾಮಿ ತಾಯಿಮರದಿಂದ ಒಂದು ರೆಂಬೆ ಕತ್ತರಿಸಿಕೊಂಡು, ಒದ್ದೆ ಗೋಣಿಯಲ್ಲಿ ಸುತ್ತಿ, ಶ್ವೇತಾ ಮೇಡಂ ಜೊತೆ ಹೊರಟೆ. ನಾವು ಹೋಗುವ ಹೊತ್ತಿಗೆ ಜೆಸಿಬಿ ತೋಟದ ಬಾಯಿಯಲ್ಲಿ ನಿಂತಿತ್ತು. ಡ್ರೈವರು ಬೇವಿನ ಮರದ ಕೆಳಗೆ ಮಲಗಿದ್ದ. ಯಶೋದಮ್ಮ ಜೆಸಿಬಿಯ ಬಕೆಟ್ಟಿಗೆ ಬೆನ್ನು ಕೊಟ್ಟು, ದಾರಿಗೆ ಅಡ್ಡವಾಗಿ ಕೂತು ಅವರೆಕಾಳು ಆರಿಸುತ್ತಿದ್ದರು.

ಬೇಲಿಯ ಪಕ್ಕದ ಸಾಲಿನಲ್ಲೇ ಮೇಡಂ ಕೆಲಸ ಶುರುಮಾಡಿದರು. ಒಂದು ಎಲೆಗೆ ಫೋನು ಹಿಡಿದರು. ಫೋನು ಸ್ವಲ್ಪ ಹೊತ್ತು ಧ್ಯಾನಿಸಿತು. ಮೇಡಂ ಮುಖ ಒಂದು ತರ ಆಯಿತು.

"ಏನಂತೆ ಮೇಡಂ?" ಎಂದ ಆಂಜಿನಪ್ಪ.

"ಓಕ್ ಅಂತಿದೆ."

"ಸಿಲ್ವರ್ ಓಕಾ?"

"ಅಲ್ಲ, ನಿಜವಾದ ಓಕ್. ಫಾರಿನ್ನಿಂದು."

ಆಂಜಿನಪ್ಪ ಹಣೆ ಚಚ್ಚಿಕೊಂಡ. "ಅಯ್ಯೋ, ತೋತಾಪುರಿಯಾದ್ರೂ ಆಗಿದ್ರೆ ಫ್ಯಾಕ್ಟರಿಗೆ ಹಾಕಬಹುದಿತ್ತಲ್ಲ ಅತ್ತಿಗೆ!"

ಯಶೋದಮ್ಮ ಅವರೆಕಾಳಿನಿಂದ ತಲೆ ಎತ್ತದೆ ಕೇಳಿದರು: "ಅದನ್ನ ಉಪ್ಪಿನಕಾಯಿ ಹಾಕ್ಬಹುದಾ ಮೇಡಂ?"

ನಾನು ತುಟಿ ಕಚ್ಚಿಕೊಂಡೆ. ದೇವರಾಯಸಮುದ್ರದಲ್ಲಿ ಕಣ್ಣೆದುರು ಓಕ್ ಇಲ್ಲದಿದ್ದರೂ ಕಂಡವರಿದ್ದರು, ಈಗ ಫೋನಿಗೂ ಕಂಡಿತು. ಇಲಾಖೆಯ ಪರಂಪರೆ ಮುಂದುವರಿದಿದೆ ಎಂದು ಸಮಾಧಾನಪಟ್ಟುಕೊಂಡೆ.

ಗೋಣಿ ಬಿಚ್ಚಿ, ತಾಯಿಮರದ ಎಲೆಯನ್ನು ಬೇಲಿ ಸಾಲಿನ ಎಲೆಯ ಪಕ್ಕ ಇಟ್ಟೆ. ಹೊಂದಲಿಲ್ಲ. ಪಕ್ಕದ ಗಿಡದ್ದಕ್ಕೆ ಇಟ್ಟೆ. ಹೊಂದಲಿಲ್ಲ. ಅದರ ಪಕ್ಕದ್ದಕ್ಕೂ ಇಲ್ಲ. ಯಶೋದಮ್ಮನ ಕೈ ಮೊರದ ಮೇಲೆ ನಿಂತುಬಿಟ್ಟಿತು. ಆಂಜಿನಪ್ಪ ಡ್ರೈವರನ್ನು ಎಬ್ಬಿಸಲು ಹೊರಟ.

ಹೊಂದದಿರುವುದರಲ್ಲೂ ಒಂದು ವಿಚಿತ್ರವಿದೆ ಎಂದು ನನಗೆ ಹೊಳೆದದ್ದು ಆಗ. ಅಂಗೈಯಲ್ಲಿದ್ದ ಮೂರು ಎಲೆಗಳು ತಾಯಿಮರದ ಎಲೆಗೆ ಮಾತ್ರವಲ್ಲ, ಒಂದಕ್ಕೊಂದೂ ಹೊಂದುತ್ತಿರಲಿಲ್ಲ. ಒಂದು ಈಟಿಯ ಹಾಗೆ ಕಿರಿದು, ಒಂದು ಅಗಲ, ಒಂದರ ಅಂಚು ಅಲೆಅಲೆ. ಒಂದೇ ತಳಿಯ ಕಸಿ ಗಿಡಗಳೆಲ್ಲ ಒಂದೇ ಮರದ ಕೈಕಾಲುಗಳು. ಅವುಗಳ ಎಲೆ ಒಂದೇ ತರ ಇರಲೇಬೇಕು. ಓಟೆಯಿಂದ, ಅಂದರೆ ಬೀಜದಿಂದ ಹುಟ್ಟಿದ ಗಿಡಗಳು ಹಾಗಲ್ಲ. ಅವು ಒಡಹುಟ್ಟಿದವರ ಹಾಗೆ, ಒಬ್ಬೊಬ್ಬರ ಮೂಗು ಒಂದೊಂದು ತರ.

"ಆಂಜಿನಪ್ಪಾ, ಬಾ ಇಲ್ಲಿ" ಎಂದೆ. "ಒಳಗಿನ ಸಾಲುಗಳಿಗೆ ಹೋಗು. ನಿನಗೆ ಬೇಕಾದ ಗಿಡದಿಂದ ನೀನೇ ಎಲೆ ಕಿತ್ತು ತಾ. ನಾನು ಹೇಳಿದೆ ಅನ್ನೋದು ಬೇಡ."

ಅವನು ಗೊಣಗುತ್ತ ಹೋದ, ತೋಟದ ಮೂಲೆಮೂಲೆಯಿಂದ ಎಲೆ ತಂದ. ಜೆಸಿಬಿಯ ಬಕೆಟ್ಟಿನ ಅಂಚಿನ ಮೇಲೆ ಸಾಲಾಗಿ ಜೋಡಿಸಿದೆವು, ನಡುವೆ ತಾಯಿಮರದ ಎಲೆ. ಆಮೇಲೆ ತಾಯಿಮರದ ಎಲೆ ಯಾವುದು ಎಂದು ನನಗೇ ಗೊತ್ತಾಗಲಿಲ್ಲ.

"ಇವೆಲ್ಲ ಒಂದೇ ತರ ಅವೆಯಲ್ಲ ಸಾರ್?" ಎಂದ ಆಂಜಿನಪ್ಪ.

ಈ ಮಾತನ್ನು ನಾನು ಮೊದಲೂ ಒಂದು ಸಲ ಕೇಳಿದ್ದೆ. ಆದರೆ ಸಂತೋಷದಿಂದ ಕೇಳಿದ್ದು ಇದೇ ಮೊದಲು.

"ಹಾಗಾದ್ರೆ ಬೇಲಿ ಸಾಲು?" ಯಶೋದಮ್ಮ ಎದ್ದು ನಿಂತಿದ್ದರು.

ಉತ್ತರ ಬಂದಿದ್ದು ಶ್ವೇತಾ ಮೇಡಂ ಅವರಿಂದ. ಫೋನಿಗೆ ಇನ್ನೊಂದು ಅವಕಾಶ ಕೊಡೋಣವೆಂದು ಬೇಲಿ ಗಿಡದ ಬುಡದಲ್ಲಿ ಮಂಡಿಯೂರಿದ್ದರು. "ಸಾರ್, ಬಗ್ಗಿ ನೋಡಿ. ಕಸಿಯ ಗಂಟು ಇಲ್ಲಿದೆ. ಅದರ ಮೇಲಿನ ಕಡ್ಡಿ ಒಣಗಿ ಮೊಟಕಾಗಿದೆ. ಈಗಿರೋ ಗಿಡವೆಲ್ಲ ಗಂಟಿನ ಕೆಳಗಿಂದ ಬಂದಿದ್ದು."

ಕಸಿ ಗಿಡದಲ್ಲಿ ಕೆಳಗೆ ಬೇರಿರುವ ಸಸಿ ಒಂದು, ಮೇಲೆ ಕಟ್ಟಿದ ಬಾದಾಮಿ ಕಡ್ಡಿ ಇನ್ನೊಂದು. ಕೆಳಗಿನದಕ್ಕೆ ನಾವು ಜ್ಯೂಸ್ ಫ್ಯಾಕ್ಟರಿಯವರು ರಾಶಿಹಾಕಿದ ಓಟೆಗಳನ್ನು ತಂದು ಹಾಕುತ್ತಿದ್ದೆವು. ಮೇಲಿನ ಕಡ್ಡಿ ಹೋದರೆ ಕೆಳಗಿನದು ಚಿಗುರಿ ತಾನೇ ಯಜಮಾನನಾಗುತ್ತದೆ. ಬೇಲಿ ಸಾಲಿನಲ್ಲಿ ಆಗಿದ್ದು ಅದೇ. ಆಂಜಿನಪ್ಪನಿಂದ ಹಿಡಿದು ದಾರಿಯಲ್ಲಿ ಹೋಗುವವರೆಲ್ಲ ಕೈಗೆ ಸಿಕ್ಕಿದ ಆ ಸಾಲಿನ ಎಲೆಯನ್ನೇ ಕಿತ್ತು ಇಡೀ ತೋಟಕ್ಕೆ ತೀರ್ಪು ಕೊಟ್ಟಿದ್ದರು.

"ಮೊಟಕಾಗಿದ್ದು ಯಾಕೆ?" ಎಂದು ಮೇಡಂ ಕೇಳಿದರು. "ಎಲ್ಲ ಗಿಡದಲ್ಲೂ ಒಂದೇ ಎತ್ತರಕ್ಕೆ ಹೋಗಿದೆ. ಏನೋ ಕಚ್ಚಿದ ಹಾಗೆ."

ಯಶೋದಮ್ಮ ನಿಧಾನವಾಗಿ ಮೈದುನನ ಕಡೆ ತಿರುಗಿದರು. "ಏನ್ಲಾ ಆಂಜಿ, ಗಿಡ ನೆಟ್ಟ ವರ್ಷ ಬೇಲಿ ಸಂದಿಯಿಂದ ಯಾರ ಮೇಕೆ ಕತ್ತು ತೂರಿಸ್ತಿದ್ವೋ?"

ಆಂಜಿನಪ್ಪ ಆಕಾಶ ನೋಡಿದ. ಮೋಡ ಇರಲಿಲ್ಲ. "ಮೇಕೆಗೇನ್ ಗೊತ್ತು ಅತ್ತಿಗೆ, ಬಾದಾಮಿ ಯಾವ್ದು, ತೋತಾಪುರಿ ಯಾವ್ದು ಅಂತ?"

"ಗೊತ್ತಿಲ್ದೇನೇ ಮೇಲಿನ ಬಾದಾಮಿ ತಿಂದು ಕೆಳಗಿಂದು ಬಿಟ್ಟವಾ?"

ನನ್ನ ಇಡೀ ಸೇವಾವಧಿಯಲ್ಲಿ ಎಳೆ ಗಿಡದ ಎಲೆಯಿಂದ ತಳಿಯನ್ನು ಒಂದೇ ಬಾಯಿಗೆ ಗುರುತಿಸಿದವರನ್ನು ಕಂಡದ್ದು ಅದೇ. ಆ ಮೇಕೆಗಳಿಗೂ ಯಾವ ಮಟ್ಟದಲ್ಲೂ ಬಡ್ತಿ ಸಿಗಲಿಲ್ಲ.

ಯಶೋದಮ್ಮ ಮತ್ತೆ ನನ್ನೆದುರಿಗೆ ಬಂದರು. "ಒಳಗಿನ ತೋಟ ಬಾದಾಮೀನೇ ತಾನೆ ಸಾರು? ಬಾಯಿಬಿಟ್ಟು ಹೇಳಿ."

ಬಕೆಟ್ಟಿನ ಮೇಲಿನ ಎಲೆಗಳನ್ನು ಇನ್ನೊಮ್ಮೆ ನೋಡಿದೆ. "ಬಾದಾಮಿ" ಎಂದೆ. "ಈ ಸಲ ಹೂ ಚಿವುಟಬೇಡಿ."

ಕರೆದ ಜೆಸಿಬಿಯನ್ನು ಸುಮ್ಮನೆ ಕಳಿಸುವುದು ಬೇಡವೆಂದು ಯಶೋದಮ್ಮ ಬೇಲಿಯುದ್ದಕ್ಕೂ ಮೇಕೆ ದಾಟದ ಹಾಗೆ ಆಳವಾದ ಕಾಲುವೆ ತೋಡಿಸಿದರು. ಎಲ್ಲಿಂದ ಎಲ್ಲಿಗೆ ಎಂದು ಮುಂದೆ ನಿಂತು ತೋರಿಸಿದವನು ಆಂಜಿನಪ್ಪ. ಮಳೆ ಹಿಡಿದ ಮೇಲೆ ಬೇಲಿ ಸಾಲಿನ ತಲೆ ಸವರಿ, ಹೊಸ ಚಿಗುರಿಗೆ ಬಾದಾಮಿ ಕಡ್ಡಿ ಕಟ್ಟಿದೆವು. ಒಂದು ಗಿಡಕ್ಕೆ ಮಾತ್ರ ಯಶೋದಮ್ಮ ಚಾಕು ತಾಗಿಸಲು ಬಿಡಲಿಲ್ಲ. "ಇದು ಯಾವ್ದು ಅಂತ ನಿಮ್ಗೂ ಗೊತ್ತಿಲ್ಲ, ಫೋನಿಗೂ ಗೊತ್ತಿಲ್ಲ. ಅದೇ ಹೇಳ್ಲಿ ಬಿಡಿ" ಎಂದರು. ನನ್ನ ಸಾಹೇಬರ ಸಸ್ಯಶಾಸ್ತ್ರವೇ, ಆದರೆ ವರ್ಗಾವಣೆಯ ಆಸೆ ಇಲ್ಲದವರ ಬಾಯಿಂದ.

ನಾನು ನಿವೃತ್ತನಾದೆ. ಹಾರ ಹಾಕಿದರು, ಭಾಷಣವಾಯಿತು, ಅದನ್ನು ಬರೆಯುವಂಥದ್ದೇನಿಲ್ಲ. ಬರೆಯಬೇಕಾದ್ದು ಮುಂದಿನ ಬೇಸಿಗೆ ನನಗೆ ಹೇಗೆ ಕಳೆಯಿತು ಎಂಬುದು. ಗೌನಿಪಲ್ಲಿ ಬಸ್ಸಿನ ಹಾರನ್ ಕೇಳಿದರೆ ನಾನು ಒಳಮನೆಗೆ ಹೋಗುತ್ತಿದ್ದೆ. "ಯಾಕ್ರೀ, ಯಾರಾದ್ರೂ ಬರ್ತಾರಾ?" ಎಂದು ಹೆಂಡತಿ ಕೇಳುತ್ತಿದ್ದಳು. ಕೊನೆಗೊಂದು ದಿನ ಆ ಬಸ್ಸಿನಿಂದ ಯಶೋದಮ್ಮ ಇಳಿದರು, ತಲೆಯ ಮೇಲೆ ಹುಲ್ಲು ಮುಚ್ಚಿದ ಬುಟ್ಟಿ. ಬುಟ್ಟಿಯನ್ನು ನಡುಮನೆಯಲ್ಲಿಟ್ಟರು. ಹುಲ್ಲು ಸರಿಸುವ ಮುಂಚೆಯೇ ಮನೆ ತುಂಬ ವಾಸನೆ ಹರಡಿತು. ಎಲೆ ಮೂಸಿ ಮೂಸಿ ಮೊಂಡಾಗಿದ್ದ ನನ್ನ ಮೂಗಿಗೂ ಸಂಶಯ ಉಳಿಯಲಿಲ್ಲ. ಬಾದಾಮಿ.

ಆ ಬಿಟ್ಟ ಗಿಡ ತನ್ನ ಹೆಸರು ಹೇಳಲು ಇನ್ನೂ ಕೆಲವು ವರ್ಷ ತೆಗೆದುಕೊಂಡಿತು. ಈ ಬೇಸಿಗೆಯಲ್ಲಿ ಕಾಯಿ ಬಿಟ್ಟಿದೆ. ಗುಂಡಗೆ, ಗಟ್ಟಿ, ನಾರು. ಹುಳಿ ಎಂದರೆ ತಿಂದವನ ಕಿವಿ ಅಲ್ಲಾಡಬೇಕು. ಹಣ್ಣಾದರೂ ಬುದ್ಧಿ ಬರುವುದಿಲ್ಲ. ಆದರೆ ಅದರ ಉಪ್ಪಿನಕಾಯಿಗೆ ಸಮ ಇಲ್ಲ, ಎಷ್ಟು ದಿನ ಇಟ್ಟರೂ ಹೋಳು ಮೆತ್ತಗಾಗುವುದಿಲ್ಲ. ಊರಿನಲ್ಲೆಲ್ಲ ಅದಕ್ಕೆ ಓಕ್ ಕಾಯಿ ಎಂದೇ ಹೆಸರು. ಶ್ವೇತಾ ಮೇಡಂ ಈಗ ಬೇರೆ ತಾಲ್ಲೂಕಿನಲ್ಲಿದ್ದಾರೆ, ಅವರಿಗೂ ಒಂದು ಜಾಡಿ ಹೋಗಿದೆ. 'ಆಪ್ ತಪ್ಪಲ್ಲ ಸಾರ್, ಸ್ವಲ್ಪ ಮುಂಚೆ ಹೇಳಿತ್ತು ಅಷ್ಟೇ' ಎಂದು ಉತ್ತರ ಕಳಿಸಿದರು.

ಮೊನ್ನೆ ಆಂಜಿನಪ್ಪ ನನ್ನ ಮನೆಗೆ ಬಂದ. ಟವೆಲ್ ಬಿಚ್ಚಿ ಒಂದು ಎಲೆ ತೆಗೆದು ಮುಂದಿಟ್ಟ.

"ಯಾವುದು ಗೊತ್ತಾಯ್ತಾ ಸಾರ್?"

"ನಿನ್ನ ಮೇಕೆ ನೆಟ್ಟ ಮರದ್ದು."

"ಅದೇ. ನಮ್ಮ ಬದುವಿನ ಮೇಲೂ ನಾಕು ಹಾಕೋಣ ಅಂತ. ಕಸಿ ಕಡ್ಡಿ ಬೇಕಿತ್ತು. ಅತ್ತಿಗೆಗೆ ನೀವೊಂದು ಮಾತು ಹೇಳಿ. ನಾನ್ ಕೇಳಿದ್ರೆ ನಗ್ತಾರೆ."

ಅವನೆದುರೇ ಯಶೋದಮ್ಮನಿಗೆ ಫೋನು ಮಾಡಿ, ಸ್ಪೀಕರ್ ಹಾಕಿ ವಿಷಯ ಹೇಳಿದೆ. ಆ ಕಡೆಯಿಂದ ನಗು ಬರಲಿಲ್ಲ. ಬಹಳ ಗಂಭೀರವಾಗಿ ಒಂದೇ ಮಾತು ಬಂತು.

"ಕೊಡ್ತೀನಿ ಸಾರು. ಮೊದ್ಲು ಮೇಕೆ ಮಾರಿ ಬರಕ್ಕೆ ಹೇಳಿ."